ಮರಳಿ ಕಣಕ್ಕಿಳಿದವರು

ಕಳೆದ ಮಳೆಗಾಲದ ಒಂದು ರಾತ್ರಿ, ಪಾಠ ಮುಗಿದು ಎಲ್ಲರೂ ಹೊರಟುಹೋದ ಮೇಲೆ, ಹಿಂದಿನ ಬೆಂಚಿನ ಹುಡುಗನೊಬ್ಬನು ನನ್ನ ಮೇಜಿನ ಬಳಿ ಬಂದು ನಿಂತನು. ಐದು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯನ್ನು ಅರ್ಧಕ್ಕೇ ಬಿಟ್ಟು ಹೋಟೆಲಿನ ದುಡಿಮೆಗೆ ಹೋಗಿದ್ದವನು, ಈಗ ತನಗಿಂತ ಕಿರಿಯರ ನಡುವೆ ಅದೇ ತರಗತಿಯಲ್ಲಿ ಮತ್ತೆ ಬಂದು ಕುಳಿತಿದ್ದನು. “ಸರ್, ಒಮ್ಮೆ ಬಿಟ್ಟು ಹೋದವನು ಮರಳಿ ಬಂದರೆ ಗೆಲ್ಲುವುದುಂಟೇ?” ಎಂದು ಕೇಳಿದನು.

ನಾನು ಹಿಂದುಮುಂದು ಯೋಚಿಸದೆ, “ಏಕಿಲ್ಲ? ಜಾರ್ಜ್ ಫೋರ್‌ಮನ್ ಎಂಬ ಅಮೆರಿಕದ ಮುಷ್ಟಿಮಲ್ಲನು ನಲವತ್ತೈದನೆಯ ವಯಸ್ಸಿನಲ್ಲಿ ಮರಳಿ ಜಗಜ್ಜೇತನಾಗಲಿಲ್ಲವೇ?” ಎಂದೆನು. ಹುಡುಗನು ಸಂತೋಷದಿಂದ ಹೋದನು. ಆದರೆ ನನಗೆ ಆ ರಾತ್ರಿ ನಿದ್ರೆ ಹತ್ತಲಿಲ್ಲ. ನಾನು ಹೇಳಿದುದು ಸುಳ್ಳಲ್ಲ, ಅರ್ಧ ಸತ್ಯ. ಉಳಿದ ಅರ್ಧವನ್ನು ಅವನಿಗೂ, ವಿದ್ಯಾರ್ಥಿಮಿತ್ರರೇ, ನಿಮಗೂ ಒಪ್ಪಿಸುವುದು ನನ್ನ ಕರ್ತವ್ಯ.

ಹೆವಿವೇಟ್, ಎಂದರೆ ಅತಿಭಾರದ ಮಲ್ಲರ ಕಣವು, ಇಳಿವಯಸ್ಸಿಗೆ ಕರುಣೆ ತೋರುವ ಸ್ಥಳವಲ್ಲ. ಜೋ ಲೂಯಿಸನು 1937ರಿಂದ 1949ರವರೆಗೆ ಜಗಜ್ಜೇತನಾಗಿದ್ದು, ಪದವಿ ಕೈಯಲ್ಲಿರುವಾಗಲೇ ನಿವೃತ್ತನಾದವನು. ಆದರೆ ತೆರಿಗೆಯ ಸಾಲವು ಅವನನ್ನು ಮತ್ತೆ ಕಣಕ್ಕೆ ಎಳೆದು ತಂದಿತು. 1950ರಲ್ಲಿ, ಮರಳಿದ ಮೊದಲ ಕಾಳಗದಲ್ಲಿಯೇ, ಪದವಿಗಾಗಿ ಎಜರ್ಡ್ ಚಾರ್ಲ್ಸನೊಡನೆ ಸೆಣಸಿ ಸೋತನು. ಮರುವರ್ಷ ನ್ಯೂಯಾರ್ಕಿನಲ್ಲಿ, ಮೂವತ್ತೇಳು ವರ್ಷದ ಆ ವೀರನನ್ನು ರಾಕಿ ಮಾರ್ಸಿಯಾನೊ ಎಂಟನೆಯ ಸುತ್ತಿನಲ್ಲಿ ಕಣದ ಹಗ್ಗಗಳಾಚೆಗೆ ಕೆಡವಿದನು.

ಮಹಮ್ಮದ್ ಅಲಿಯ ಕಥೆಯು ಇನ್ನೂ ದುಃಖದ್ದು. ಎರಡು ವರ್ಷಗಳ ವಿರಾಮದ ಬಳಿಕ, 1980ರ ಅಕ್ಟೋಬರ್ 2ರಂದು, ಮೂವತ್ತೆಂಟರ ಅಲಿಯೂ ನೇರವಾಗಿ ಪದವಿಯ ಕಾಳಗಕ್ಕೇ ಬಂದನು. ಮೈತೂಕ ಇಳಿಸಿದ್ದನು, ನರೆತ ಕೂದಲಿಗೆ ಬಣ್ಣ ಹಚ್ಚಿದ್ದನು. ನೋಡುವ ಕಣ್ಣಿಗೆ ಹಳೆಯ ಅಲಿಯೇ. ತೋಳುಗಳು ಮಾತ್ರ ಹಳೆಯವಲ್ಲ. ಒಂದು ಕಾಲದಲ್ಲಿ ಅವನ ಅಭ್ಯಾಸದ ಜೊತೆಗಾರನಾಗಿದ್ದ ಲ್ಯಾರಿ ಹೋಮ್ಸನಿಂದಲೇ ಹತ್ತು ಸುತ್ತು ಪೆಟ್ಟು ತಿಂದ ಮೇಲೆ, ಅಲಿಯ ಗುರು ಆಂಜೆಲೊ ಡಂಡಿಯೇ ಕಾಳಗವನ್ನು ನಿಲ್ಲಿಸಿದನು. 1984ರಲ್ಲಿ ವೈದ್ಯರು ಅವನಲ್ಲಿ ಪಾರ್ಕಿನ್‌ಸನ್ ರೋಗದ ಲಕ್ಷಣಗಳನ್ನು ಕಂಡರು.

ಹಾಗಾದರೆ ಫೋರ್‌ಮನ್ ಗೆದ್ದುದು ಹೇಗೆ? ಯೌವನದಲ್ಲಿ ಅವನಿಗೆ ಬಲವಿತ್ತು, ತಾಳ್ಮೆಯಿರಲಿಲ್ಲ. 1974ರಲ್ಲಿ ಕಿನ್ಶಾಸಾ ನಗರದಲ್ಲಿ, ಹಗ್ಗಕ್ಕೆ ಒರಗಿ ನಿಂತ ಇದೇ ಅಲಿಯನ್ನು ಹೊಡೆದು ಹೊಡೆದು ತಾನೇ ದಣಿದು, ಎಂಟನೆಯ ಸುತ್ತಿನಲ್ಲಿ ಬಿದ್ದು ಪದವಿಯನ್ನು ಕಳೆದುಕೊಂಡನು. 1977ರಲ್ಲಿ ಕಣವನ್ನು ತೊರೆದು ಕ್ರೈಸ್ತ ಧರ್ಮಬೋಧಕನಾದನು. ಹ್ಯೂಸ್ಟನ್ ನಗರದಲ್ಲಿ ತರುಣರಿಗಾಗಿ ತೆರೆದ ಕೇಂದ್ರಕ್ಕೆ ಹಣ ಬೇಕಾಗಿ, ಹತ್ತು ವರ್ಷಗಳ ಅನಂತರ 1987ರಲ್ಲಿ, ಸುಮಾರು 120 ಕಿಲೋ ತೂಗುವ ಮೈಯನ್ನು ಹೊತ್ತು ಮರಳಿದನು. ಜನರು ನಕ್ಕರು, ಅವರೊಡನೆ ಅವನೂ ನಕ್ಕನು.

ಲೂಯಿಸನಂತೆ ಅವನಿಗೂ ಹಣ ಬೇಕಾಗಿತ್ತು; ವ್ಯತ್ಯಾಸವು ಅಲ್ಲಿಲ್ಲ. ಅವನು ಮೇಲಿನ ಮೆಟ್ಟಿಲಿಗೆ ನೆಗೆಯಲಿಲ್ಲ. ಹೆಸರಿಲ್ಲದ ಮಲ್ಲರೊಡನೆ ವರ್ಷಗಟ್ಟಲೆ ಕಾದಾಡಿ, ಮೆಲ್ಲಗೆ ನಡೆಯುವುದನ್ನೂ ಉಸಿರನ್ನು ಉಳಿಸಿಕೊಳ್ಳುವುದನ್ನೂ ಹೊಸದಾಗಿ ಕಲಿತನು. 1991ರಲ್ಲಿ ಇವಾಂಡರ್ ಹೋಲಿಫೀಲ್ಡನಿಗೆ ಸೋತನು; ಆದರೆ ಹನ್ನೆರಡು ಸುತ್ತುಗಳನ್ನೂ ಪೂರೈಸಿ ಸೋತನು. ಕೊನೆಗೆ 1994ರ ನವೆಂಬರ್ 5ರಂದು, ಕಿನ್ಶಾಸಾದಲ್ಲಿ ತೊಟ್ಟಿದ್ದ ಅದೇ ಕೆಂಪು ಚಡ್ಡಿಯನ್ನು ತೊಟ್ಟು, ಇಪ್ಪತ್ತಾರು ವರ್ಷದ ಮೈಕೆಲ್ ಮೂರರನ ಎದುರು ನಿಂತನು. ಒಂಬತ್ತು ಸುತ್ತು ಮುಗಿದಾಗ ಮೂವರು ತೀರ್ಪುಗಾರರ ಎಣಿಕೆಯಲ್ಲಿಯೂ ಹಿಂದೆ ಬಿದ್ದಿದ್ದನು. ಆದರೂ ಆತುರಪಡಲಿಲ್ಲ. ಹತ್ತನೆಯ ಸುತ್ತಿನಲ್ಲಿ ಬಲಗೈಯ ಒಂದೇ ನೇರ ಪೆಟ್ಟಿಗೆ ಮೂರರ್ ಮೇಲೇಳದಂತೆ ಬಿದ್ದನು. ಫೋರ್‌ಮನ್ 2025ರಲ್ಲಿ ತೀರಿಕೊಂಡನು. ಅಷ್ಟು ವಯಸ್ಸಾದ ಮೇಲೆ ಆ ಪದವಿಯನ್ನು ಅವನಿಗಿಂತ ಮೊದಲು ಯಾರೂ ಗೆದ್ದಿರಲಿಲ್ಲ.

ಆದುದರಿಂದ, ತಮ್ಮಾ, ನಿನಗೆ ನಾನು ಕೊಡಬೇಕಾಗಿದ್ದ ಉತ್ತರ ಇದು: ಮರಳಿ ಬಂದವರೆಲ್ಲ ಗೆಲ್ಲುವುದಿಲ್ಲ. ಬಿಟ್ಟುಹೋದ ದಿನದ ತಾನೇ ಈಗಲೂ ಇದ್ದೇನೆಂದು ತಿಳಿದು ಬಂದವರು ಬಹಳ ಪೆಟ್ಟು ತಿಂದರು. ಕೆಳಗಿನ ಮೆಟ್ಟಿಲಿನಿಂದ ಹೊಸದಾಗಿ ಹತ್ತಲು ನಾಚದವನಿಗೆ ಒಂದು ಅವಕಾಶ ಸಿಕ್ಕಿತು. ಕಿರಿಯರ ನಡುವೆ ಹಿಂದಿನ ಬೆಂಚಿನಲ್ಲಿ ಕುಳಿತಿರುವ ನೀನು, ಯಾರೂ ಹೇಳದೆಯೇ ಆ ಮೆಟ್ಟಿಲನ್ನು ಆರಿಸಿಕೊಂಡಿರುವೆ. ಮೇಲಾಗಿ, ನಮ್ಮ ಕಣದಲ್ಲಿ ಸೋತರೆ ತಲೆಗೆ ಪೆಟ್ಟು ಬೀಳುವುದಿಲ್ಲ. ಒಂದು ವರ್ಷ ಹೋಗಬಹುದು, ಅಷ್ಟೇ.

ಇಷ್ಟು ಬರೆದವನು ತನ್ನನ್ನೂ ಕೇಳಿಕೊಳ್ಳಬೇಡವೇ? ಮೆಟ್ರಿಕ್ ಮುಗಿದೊಡನೆ ಊರು ಬಿಟ್ಟು ಬಂದ ನನ್ನ ಪೆಟ್ಟಿಗೆಯಲ್ಲಿಯೂ ಪದವಿ ಪರೀಕ್ಷೆಯ ಅರ್ಜಿಯೊಂದು ಹಲವು ವರ್ಷಗಳಿಂದ ಹಾಗೆಯೇ ಬಿದ್ದಿತ್ತು. ಮೂವತ್ತಾರರಲ್ಲಿ ಎಳೆಯರೊಡನೆ ಸಾಲಿನಲ್ಲಿ ನಿಲ್ಲಲು ನಾಚಿಕೆಯಾಗಿತ್ತು. ಈ ಬೇಸಗೆಯಲ್ಲಿ ಹೊಸ ಅರ್ಜಿಯನ್ನು ತಂದು ತುಂಬಿದ್ದೇನೆ. ಫಲವೇನೆಂದು ಮುಂದಿನ ಸಂಚಿಕೆಯಲ್ಲಿ ಕೇಳಿರಿ. ಗೆದ್ದರೂ ಸೋತರೂ ಮರೆಮಾಚದೆ ಹೇಳುವೆನು.