ಮೊರದೊಳಗಿನ ಹಿಮಾಲಯ

ನಾನು ಹಿಮವನ್ನು ಕಂಡವನಲ್ಲ. ಕುಂದಗೋಳ ತಾಲೂಕಿನ ಎರೆಭೂಮಿಯಲ್ಲಿ ಹುಟ್ಟಿ ಬೆಳೆದವನಿಗೆ ಆ ಯೋಗವಾದರೂ ಎಲ್ಲಿಂದ ಬರಬೇಕು? ಮಾಗಿಯ ಮುಂಜಾವಿನಲ್ಲಿ ಕಡಲೆಯ ಹೊಲದ ಮೇಲೆ ಕವಿಯುವುದೂ ನಮಗೆ ಮಂಜೇ, ಹಿಮಾಲಯದ ಮೇಲೆ ಬೀಳುವುದೂ ಮಂಜೇ. ಇಂಥವನು ಹಿಮಕುಸಿತದ ಬಗೆಗೆ ಬರೆಯ ಹೊರಟರೆ ಗೆಳೆಯರು ನಕ್ಕಾರು. ನಗಲಿ, ನನ್ನ ಅಣ್ಣ ಸೈನ್ಯದಲ್ಲಿದ್ದಾನೆ.

ಕಳೆದ ದೀಪಾವಳಿಗೆ ಅವನು ರಜೆಯ ಮೇಲೆ ಬಂದಿದ್ದ. ಒಂದು ಸಂಜೆ ಅವ್ವ ರೊಟ್ಟಿ ಬಡಿಯುತ್ತ ಕೇಳಿದಳು: "ಬರ್ಫ ಅಂದ್ರ ಹತ್ತಿ ಇದ್ದಂಗ ಇರತೈತಂತಲ್ಲೋ. ಅದು ಮೈಮ್ಯಾಲೆ ಬಿದ್ದರ ಮನಷಾ ಹೆಂಗ ಸಾಯ್ತಾನ?"

ಅಣ್ಣ ಉತ್ತರ ಕೊಡಲಿಲ್ಲ. ಎದ್ದು ಮೊರವನ್ನು ತಂದು, ಡಬ್ಬಿಯಲ್ಲಿದ್ದ ಸಕ್ಕರೆಯನ್ನು ಅದರೊಳಗೆ ಹರವಿ, ಮೇಲೊಂದು ಕಟಕ ರೊಟ್ಟಿಯನ್ನಿಟ್ಟ. "ಸಕ್ಕರಿ ಚೆಲ್ಲಬ್ಯಾಡೋ!" ಎಂದು ಅವ್ವ ಕೂಗುತ್ತಿದ್ದಂತೆಯೇ ಮೊರವನ್ನು ಮೆಲ್ಲಗೆ ಓರೆ ಮಾಡಿದ. ರೊಟ್ಟಿ ಕದಲಲಿಲ್ಲ. ಇನ್ನಷ್ಟು ಓರೆ ಮಾಡಿ ಬೆರಳ ತುದಿಯಿಂದ ತುಸು ಒತ್ತಿದ. ರೊಟ್ಟಿ ಇಡಿಯಾಗಿ ಸರಕ್ಕನೆ ಜಾರಿ ಒಲೆಯ ಬೂದಿಗೆ ಬಿತ್ತು.

ಚಳಿಗಾಲದ ಮೊದಲಲ್ಲಿ ಬಿದ್ದ ಹಿಮ ತೆಳುವಾಗಿರುತ್ತದಂತೆ. ಅದರ ಬುಡದಲ್ಲಿ ನೆಲ ಹೆಚ್ಚುಕಡಿಮೆ 0 ಡಿಗ್ರಿಯಲ್ಲಿದ್ದರೆ, ಮೇಲಿನ ಗಾಳಿ ಅದಕ್ಕಿಂತ ಎಷ್ಟೋ ತಣ್ಣಗೆ. ಬುಡದಿಂದ ಆವಿ ಮೇಲೇರುತ್ತ ಹೋದಂತೆ ಅಲ್ಲಿನ ಹಿಮ ಒಂದನ್ನೊಂದು ಹಿಡಿಯದ ಸಕ್ಕರೆಯಂಥ ಹರಳಾಗುತ್ತದೆ. ಆಮೇಲೆ ಬಿದ್ದದ್ದು, ಗಾಳಿ ಹೊತ್ತು ತಂದು ಒಟ್ಟಿದ್ದು ಅದರ ಮೇಲೆ ಗಟ್ಟಿ ಹಾಸಾಗಿ ಕೂರುತ್ತದೆ. ಅದೇ ರೊಟ್ಟಿ. ತೀರ ಕಡಿದಾದ ಬಂಡೆಯ ಮೇಲೆ ಹಿಮ ನಿಲ್ಲುವುದಿಲ್ಲ. ಇಳಿಜಾರು ಸೌಮ್ಯವಾಗಿದ್ದರೆ ಜಾರುವುದಿಲ್ಲ. 30ರಿಂದ 45 ಡಿಗ್ರಿಯವರೆಗಿನ ಇಳಿಜಾರೇ ಹೆಚ್ಚು ಅಪಾಯದ್ದು. ಅಲ್ಲಿ ನಡೆವಾಗ ಕಾಲಡಿಯಲ್ಲಿ ಒಮ್ಮೊಮ್ಮೆ 'ಧುಮ್ಮ್' ಎಂದು ಹಾಸು ಕುಸಿದು ಕೂತ ಸದ್ದಾಗುತ್ತದೆ. ಅದನ್ನು ಕೇಳಿದವನು ಮುಂದೆ ಹೆಜ್ಜೆಯಿಡಬಾರದು. ಇಂಥ ಕುಸಿತಕ್ಕೆ ಸಿಕ್ಕವರಲ್ಲಿ ಬಹುಪಾಲು ಜನರಿಗೆ ಅದನ್ನು ಕೆಡವಿದ ಬೆರಳು ತಮ್ಮದೇ, ಇಲ್ಲವೆ ಜೊತೆಗಾರನದು. ಈ ಮಾತು ನನ್ನನ್ನು ಬಹಳ ದಿನ ಕಾಡಿತು.

"ಗಾಳಿ ಬಡಿಯೋ ಮಗ್ಗಲಕಿಂತ ಅದರ ಹಿಂದಿನ ಮಗ್ಗಲಾನ ಕೆಟ್ಟದ್ದವ್ವ. ಗಾಳಿ ಹೊತ್ತು ತಂದದ್ದೆಲ್ಲ ಅಲ್ಲಿ ಬಂದು ಬೀಳತೈತಿ" ಎಂದ ಅಣ್ಣ.

"ಮತ್ತ ಹುಗದವನ್ನ ತಗದರ?"

"ಹದಿನೈದು ನಿಮಿಷದಾಗ ತಗದರ ಬಾಳ ಮಂದಿ ಉಳಿತಾರ. ಅರ್ಧ ತಾಸಾತಂದ್ರ ಉಳಿಯೋರು ಕಡಿಮಿ. ಜಾರುವಾಗ ಹಿಟ್ಟು, ನಿಂತ ಮ್ಯಾಲೆ ಸಿಮೆಂಟು. ಕೈ ಆಡಸಾಕ ಆಗೂದಿಲ್ಲ."

ಅವ್ವ ಸುಮ್ಮನಾದಳು. ಅವಳ ಮನಸ್ಸು ಎಲ್ಲಿಗೆ ಹೋಯಿತೆಂಬುದು ನನಗೆ ತಿಳಿಯಿತು. ಬೆಟದೂರು ನಮ್ಮ ತಾಲೂಕಿನದೇ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಠಾಣ್ಯದ ಮೇಲೆ ಹಿಮ ಕುಸಿದು ಹತ್ತು ಜನ ಯೋಧರು ಹೂತುಹೋದರು. ಅದು ಸಕ್ಕರೆಯ ಮೇಲಿನ ರೊಟ್ಟಿಯಲ್ಲ, ಬರ್ಫದ ಗೋಡೆಯೇ ಉರುಳಿದ್ದು. ಆರನೆಯ ದಿನ, 25 ಅಡಿಯ ಆಳದಿಂದ, ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಜೀವಂತವಾಗಿ ಸಿಕ್ಕರು. ಆಗ ನಾನು ಸಣ್ಣ ಹುಡುಗ. ಶಾಲೆಯಲ್ಲಿ ಕೈಮುಗಿದು ನಿಂತದ್ದು, ಅವ್ವ ದೇವರ ಮುಂದಿನ ದೀಪ ಆರಗೊಡದೆ ಎಣ್ಣೆ ಹಾಕುತ್ತಿದ್ದದ್ದು ನೆನಪಿದೆ. 11ರಂದು ದಿಲ್ಲಿಯ ಸೈನಿಕ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಇಷ್ಟಾಗಿಯೂ ಮುಂದೆ ಅಣ್ಣ ಸೈನ್ಯಕ್ಕೆ ಸೇರುತ್ತೇನೆಂದಾಗ ಅವ್ವ ಬೇಡವೆನ್ನಲಿಲ್ಲ. ಏಕೆನ್ನಲಿಲ್ಲವೆಂದು ನಾನಿನ್ನೂ ಕೇಳಿಲ್ಲ.

ಅಣ್ಣ ಮರಳಿ ಹೋದ. ಮೊದಲೆಲ್ಲ ಫೋನಿನಲ್ಲಿ "ಉಂಡ್ಯಾ?" ಎಂದು ಕೇಳುತ್ತಿದ್ದ ಅವ್ವ ಈಗ, "ಗಾಳಿ ಯಾವ ಕಡಿಂದ ಐತಿ?" ಎನ್ನುತ್ತಾಳೆ. ಮೊನ್ನೆ ಅವನು, "ಗಾಳಿನ ಇಲ್ಲವ್ವ, ಚಲೋ ಬಿಸಲ ಬಿದ್ದೈತಿ" ಎಂದ. ಅವ್ವ ನಿಶ್ಚಿಂತೆಯಿಂದ ರೊಟ್ಟಿ ಬಡಿಯಲು ಕುಳಿತಳು. ಬಿಸಿಲು ಕೂಡ ಹಿಮವನ್ನು ಸಡಿಲಿಸುತ್ತದೆಂದು ಅಣ್ಣ ನನಗೊಬ್ಬನಿಗೇ ಹೇಳಿದ್ದ. ನಾನು ಸುಮ್ಮನೆ ಒಲೆಗೆ ಕಟ್ಟಿಗೆ ನೂಕಿದೆ.