ಮಗುವಿಗೆ ಮಾತ್ರ ಪಥ್ಯ, ಮನೆಯವರಿಗೆಲ್ಲ ಮಿರ್ಚಿ

ನಮ್ಮ ಹೊಸಪೇಟೆ ಕಡೆ ಮಗು ದುಂಡಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳೋದಿಲ್ಲ. ‘ಮೈಕೈ ತುಂಬ್ಕೊಂಡಾನ, ಯಾರ ದೃಷ್ಟಿನೂ ಬೀಳದಿರ್ಲಿ’ ಅಂತ ನೆಟಿಕೆ ಮುರೀತಾರೆ. ಬರಗಾಲ ಕಂಡ ಹಿರಿಯರಿಗೆ ತುಂಬಿದ ಕೆನ್ನೆ ಅಂದ್ರೆ ಮನೇಲಿ ಕಾಳು-ಕಡಿಗೆ ಕೊರತೆ ಇಲ್ಲ ಅನ್ನೋ ಧೈರ್ಯ. ಆ ಸಂತೋಷದಲ್ಲಿ ತಪ್ಪು ಹುಡುಕೋದು ಕಷ್ಟ. ಆದರೆ ಈಗ ಸಂಜೆ ಐದಕ್ಕೆ ಬಿಸ್ಕತ್ತು, ಏಳಕ್ಕೆ ಚಿಪ್ಸ್, ರಾತ್ರಿ ಹತ್ತಕ್ಕೆ ಊಟ ಅನ್ನೋ ಕಾಲ.

ನನ್ನ ಅಕ್ಕನ ಮಗನಿಗೆ ಒಂಬತ್ತು ವರ್ಷ. ಚಿತ್ತವಾಡ್ಗಿಯಲ್ಲಿ ನಮ್ಮ ಮನೆಯಿಂದ ಎರಡು ಓಣಿ ಆಚೆ ಅವರ ಮನೆ. ಹೋದ ವರ್ಷ ಅವನ ಕುತ್ತಿಗೆ ಹಿಂದೆ ಕಪ್ಪು ಪಟ್ಟಿ ಕಾಣಿಸ್ತು. ಕೊಳೆ ಇರಬೇಕು ಅಂತ ಅವ್ವ ವಾರಗಟ್ಟಲೆ ಕಡ್ಲೆಹಿಟ್ಟು ಹಚ್ಚಿ ತಿಕ್ಕಿದ್ಲು. ಹೋಗಲಿಲ್ಲ. ಜ್ವರ ಬಂತು ಅಂತ ಡಾಕ್ಟರ್ ಹತ್ರ ಕರ್ಕೊಂಡು ಹೋದಾಗ, ಅವರು ಕುತ್ತಿಗೆ ನೋಡಿ, ತೂಕ-ಎತ್ತರ ಅಳೆದು, ‘ಇದು ಕೊಳೆ ಅಲ್ಲಮ್ಮ. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನೋದರ ಗುರುತು ಇರಬಹುದು’ ಅಂದ್ರು. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಇರಲಿಲ್ಲ. ಆದರೆ ಹೀಗೇ ಮುಂದುವರಿದ್ರೆ ಬರೋ ಸಾಧ್ಯತೆ ಹೆಚ್ಚು ಅಂತ ಎಚ್ಚರಿಸಿದ್ರು. ನಮ್ಮ ಅಪ್ಪ ಹದಿನೈದು ವರ್ಷದಿಂದ ಶುಗರ್ ಮಾತ್ರೆ ನುಂಗ್ತಿದ್ದಾರೆ. ಮೊಮ್ಮಗನಿಗೂ ಅದೇ ಗತಿ ಬರಬಹುದು ಅಂದ್ರೆ ಮನೆಯವರಿಗೆ ನಂಬೋಕೇ ಆಗಲಿಲ್ಲ.

ಅವತ್ತಿನಿಂದ ಪಥ್ಯ ಶುರುವಾಯ್ತು. ಹುಡುಗನಿಗೆ ಮಾತ್ರ! ಅವನಿಗೆ ಎರಡು ಚಪಾತಿ, ಬೇಯಿಸಿದ ತರಕಾರಿ. ಭಾವ ತೋರಣಗಲ್ಲಿನಿಂದ ಶಿಫ್ಟ್ ಮುಗಿಸಿ ಬರುವಾಗ ಎಂದಿನಂತೆ ಕೈಯಲ್ಲಿ ಮಿರ್ಚಿ, ಮಂಡಕ್ಕಿ ಪೊಟ್ಟಣ. ಅವನನ್ನ ಒಳಗೆ ಓದೋಕೆ ಕೂರಿಸಿ ಹೊರಗೆ ಎಲ್ಲರೂ ತಿನ್ನೋದು. ಮಿರ್ಚಿ ವಾಸನೆಗೆ ಬಾಗಿಲು ಅಡ್ಡ ಬರುತ್ತಾ? ಒಂದಿನ ಹೊರಗೆ ಬಂದು ಕೇಳೇಬಿಟ್ಟ: ‘ಎಲ್ರೂ ತಿಂತೀರಿ, ನನಗಷ್ಟೇ ಯಾಕ ಬ್ಯಾಡ? ನಾನೇನ್ ತಪ್ಪ್ ಮಾಡೀನಿ?’

ಯಾರೂ ಉತ್ತರ ಕೊಡಲಿಲ್ಲ.

ಅವನ ಪ್ರಶ್ನೆ ಸರಿಯಾಗೇ ಇತ್ತು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ, ಮಕ್ಕಳು ಡಾಕ್ಯುಮೆಂಟ್ ಓದೋದಿಲ್ಲ, ಸೀದಾ ಕೋಡ್ ಕಾಪಿ ಮಾಡ್ತಾವೆ. ಇದನ್ನ 1975ರಲ್ಲೇ ಹಾರ್ಪರ್ ಮತ್ತು ಸ್ಯಾಂಡರ್ಸ್ ಅನ್ನೋ ಸಂಶೋಧಕರು ಪುಟ್ಟ ಮಕ್ಕಳಲ್ಲಿ ಪರೀಕ್ಷಿಸಿ ನೋಡಿದ್ರು. ಹೊಸ ತಿನಿಸನ್ನ ಬರೀ ಮುಂದೆ ಇಟ್ಟಾಗ ಬಾಯಿಗಿಟ್ಟ ಮಕ್ಕಳಿಗಿಂತ, ದೊಡ್ಡವರೂ ಜೊತೆಗೆ ತಿಂದಾಗ ಬಾಯಿಗಿಟ್ಟ ಮಕ್ಕಳೇ ಹೆಚ್ಚು. ಅದರಲ್ಲೂ ಅಪರಿಚಿತರಿಗಿಂತ ಅಮ್ಮ ತಿಂದಾಗ ಪರಿಣಾಮ ಜಾಸ್ತಿ. ಸೊಪ್ಪಿನ ಪಲ್ಯಕ್ಕೆ ಅನ್ವಯಿಸೋ ಈ ಮಾತು ಚಿಪ್ಸ್‌ಗೂ ಅನ್ವಯಿಸುತ್ತೆ ಅಲ್ವಾ?

1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಹತ್ತು ವರ್ಷದೊಳಗಿನ ಮಗುವಿನ ಅಪ್ಪ ಅಥವಾ ಅಮ್ಮನಿಗೆ ಬೊಜ್ಜು ಇದ್ದರೆ, ಆ ಮಗು ದೊಡ್ಡದಾದ ಮೇಲೂ ಬೊಜ್ಜಿಗೆ ತುತ್ತಾಗೋ ಸಾಧ್ಯತೆ ಎರಡು ಪಟ್ಟಿಗಿಂತ ಹೆಚ್ಚು ಅಂತ ಕಂಡುಕೊಂಡಿತು. ಇದರಲ್ಲಿ ವಂಶವಾಹಿಯ ಪಾಲೂ ಇದೆ. ಅದನ್ನ ಬದಲಾಯಿಸೋಕಾಗಲ್ಲ. ಅಡುಗೆಮನೆ ಡಬ್ಬಿಗಳನ್ನ ಬದಲಾಯಿಸಬಹುದು.

ನಮ್ಮ ದೇಶದ ಲೆಕ್ಕವೂ ಹೀಗೇ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 2015-16ರಿಂದ 2019-21ರ ನಡುವೆ ಅತಿತೂಕದ ಮಹಿಳೆಯರು ಶೇ 20.6ರಿಂದ 24ಕ್ಕೆ, ಪುರುಷರು ಶೇ 18.9ರಿಂದ 22.9ಕ್ಕೆ ಏರಿದ್ದಾರೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಅದು ಶೇ 2.1ರಿಂದ 3.4. ಸಂಖ್ಯೆ ಚಿಕ್ಕದು ಅನ್ನಿಸಬಹುದು, ಆದರೆ ದೊಡ್ಡವರ ತೂಕ ಏರಿದ ಅದೇ ವರ್ಷಗಳಲ್ಲಿ ಮಕ್ಕಳದ್ದೂ ಏರಿದೆ.

ನಮ್ಮ ಊರಿಗೆ ಸಿಹಿ ಹೊಸದಲ್ಲ. ಸುತ್ತ ಕಬ್ಬಿನ ಗದ್ದೆ, ಬೆಲ್ಲದ ಗಾಣ. ಚಿತ್ತವಾಡ್ಗಿ ಅಂದ್ರೆ ಒಂದು ಕಾಲಕ್ಕೆ ಸಕ್ಕರೆ ಕಾರ್ಖಾನೆಯ ನೆನಪಾಗ್ತಿತ್ತು. ಆದರೆ ಆಗ ಹೋಳಿಗೆ ಹಬ್ಬಕ್ಕೆ ಮಾತ್ರ ಆಗ್ತಿತ್ತು. ಈಗ ಫ್ರಿಡ್ಜ್ ಬಾಗಿಲಲ್ಲೇ ಸಿಹಿ ನಿಂತಿರುತ್ತೆ. ಊಟದಲ್ಲಿ ಸಹಜವಾಗಿ ಇರೋದನ್ನ ಬಿಟ್ಟು, ನಾವು ಬೆರೆಸಿಕೊಳ್ಳೋ ಸಕ್ಕರೆ ದಿನದ ಶಕ್ತಿಯಲ್ಲಿ ಶೇ 10ಕ್ಕಿಂತ ಕಡಿಮೆ ಇರಲಿ, ಶೇ 5ಕ್ಕೆ ಇಳಿಸಿದರೆ ಇನ್ನೂ ಒಳ್ಳೇದು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಶೇ 5 ಅಂದ್ರೆ ದೊಡ್ಡವರಿಗೇ ಸುಮಾರು 25 ಗ್ರಾಂ, ಆರು ಚಮಚ. 250 ಎಂಎಲ್‌ನ ಒಂದು ಕೋಲಾ ಬಾಟಲಿಯಲ್ಲೇ ಅಷ್ಟು ಮುಗಿದುಹೋಗುತ್ತೆ.

ಇನ್ನು ನಾವು ಪ್ರೀತಿಯಿಂದ ಹೇಳೋ ಮಾತುಗಳು. ‘ತಟ್ಟೆ ಖಾಲಿ ಮಾಡು’ ಅನ್ನೋದು ಹೊಟ್ಟೆ ತುಂಬಿತು ಅಂತ ಮಗುವಿನ ದೇಹ ಹೇಳೋದನ್ನ ಕೇಳಬೇಡ ಅಂದ ಹಾಗೆ. ‘ಪಲ್ಯ ತಿಂದ್ರೆ ಐಸ್‌ಕ್ರೀಮ್ ಕೊಡಿಸ್ತೀನಿ’ ಅಂದ್ರೆ ಪಲ್ಯ ಶಿಕ್ಷೆ, ಐಸ್‌ಕ್ರೀಮ್ ಬಹುಮಾನ ಅಂತ ನಾವೇ ಪಾಠ ಮಾಡಿದ ಹಾಗೆ. ಕೈಯಲ್ಲಿ ಮೊಬೈಲ್ ಹಿಡಿದು ತಿನ್ನೋ ಅಪ್ಪ ‘ಟಿವಿ ಆಫ್ ಮಾಡಿ ಊಟ ಮಾಡು’ ಅಂದ್ರೆ ಯಾವ ಮಗು ಕೇಳುತ್ತೆ?

ಶಾಲೆಯ ಒಳಗೆ ಮತ್ತು ಸುತ್ತ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರೋ ತಿನಿಸು ಮಾರಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ನಿಯಮ ಮಾಡಿದೆ. ನಮ್ಮ ಮನೆ ಅಡುಗೆಮನೆಗೆ ಅಂಥ ನಿಯಮ ಯಾರು ಮಾಡ್ತಾರೆ?

ಹುಡುಗ ಹಾಗೆ ಕೇಳಿದ ಮೇಲೆ ಅಕ್ಕ ಮೊದಲು ಮಾಡಿದ ಕೆಲಸ, ಚಿಪ್ಸ್-ಬಿಸ್ಕತ್ತು ಡಬ್ಬಿಯನ್ನ ಅಟ್ಟದ ಮೇಲೆ ಬಚ್ಚಿಡೋದನ್ನ ಬಿಟ್ಟು, ಅವನ್ನ ತರೋದೇ ನಿಲ್ಲಿಸಿದ್ದು. ಮಿರ್ಚಿ ನಿಂತಿಲ್ಲ. ಭಾನುವಾರ ಎಲ್ಲರಿಗೂ ಒಂದೊಂದು, ಅವನಿಗೂ ಒಂದು. ರಾತ್ರಿ ಎಲ್ಲರ ತಟ್ಟೆಯಲ್ಲೂ ಜೋಳದ ರೊಟ್ಟಿ, ಕಾಳು ಪಲ್ಯ ಇಲ್ಲಾ ಪುಂಡಿಪಲ್ಯ, ಜೊತೆಗೆ ಸವತಿಕಾಯಿ, ಉಳ್ಳಾಗಡ್ಡಿ. ಭಾವನಿಗೆ ಬೆಳಗಿನ ಶಿಫ್ಟ್ ಇದ್ದ ವಾರ ಎಂಟಕ್ಕೇ ಊಟ. ಬೇರೆ ವಾರ ಅವರಿಗೆ ಕಾಯದೆ ಹುಡುಗನ ಜೊತೆ ಅಕ್ಕ ಕೂತು ಉಣ್ತಾಳೆ. ಅವ್ವನನ್ನ ಒಪ್ಪಿಸೋದೇ ಎಲ್ಲಕ್ಕಿಂತ ಕಷ್ಟ ಆಯ್ತು. ‘ಕೂಸಿಗೆ ಉಪವಾಸ ಕೆಡವ್ತೀರೇನು?’ ಅಂತ ಎರಡು ದಿನ ಮಾತು ಬಿಟ್ಟಿದ್ಲು. ಅವನನ್ನ ಮಾತಾಡಿಸೋಕೆ ಸಿಹಿನೇ ಬೇಕಿಲ್ಲ ಅಂತ ಗೊತ್ತಾದ ಮೇಲೆ ಈಗ ಸಂಜೆ ಅವಳೇ ಮೊಮ್ಮಗನ ಕೈ ಹಿಡಿದು ವಾಕಿಂಗ್ ಹೊರಡ್ತಾಳೆ. ಅವಳ ಮೊಣಕಾಲು ನೋವಿಗೂ ಅದು ಒಳ್ಳೇದೇ.

ಮನೇಲಿ ಇನ್ನೊಂದು ನಿಯಮವೂ ಬಂತು: ಅವನನ್ನ ಯಾರೂ ‘ಡುಮ್ಮ’ ಅನ್ನೋ ಹಾಗಿಲ್ಲ, ತಮಾಷೆಗೂ. ಶಾಲೆಯಲ್ಲಿ ಆ ಹೆಸರು ಕೇಳಿಯೇ ಅವನು ಆಟಕ್ಕೆ ಹೋಗೋದು ಬಿಟ್ಟಿದ್ದ.

ಎಂಟು ತಿಂಗಳಾಯ್ತು. ತೂಕ ಹೆಚ್ಚುಕಡಿಮೆ ಅಷ್ಟೇ ಇದೆ, ಎತ್ತರ ಬೆಳೆದಿದ್ದಾನೆ. ಬೆಳೆಯೋ ಮಕ್ಕಳ ತೂಕ ಇಳಿಸಲೇಬೇಕು ಅಂತಿಲ್ಲ, ತೂಕ ನಿಂತು ಎತ್ತರ ಬೆಳೆದರೂ ಅದು ಒಳ್ಳೇ ಸೂಚನೆ ಅಂದ್ರು ಡಾಕ್ಟರ್. ಕುತ್ತಿಗೆಯ ಪಟ್ಟಿ ಇನ್ನೂ ಪೂರ್ತಿ ಹೋಗಿಲ್ಲ. ಭಾವನ ಪ್ಯಾಂಟು ಮಾತ್ರ ಸಡಿಲ ಆಗಿದೆ.

ನಿಮ್ಮ ಮಗುವಿನ ಕುತ್ತಿಗೆ, ಕಂಕುಳಲ್ಲಿ ತಿಕ್ಕಿದರೂ ಹೋಗದ ಕಪ್ಪು ಕಂಡರೆ, ಅಥವಾ ವರ್ಷದಲ್ಲಿ ಎತ್ತರಕ್ಕಿಂತ ತೂಕವೇ ಜೋರಾಗಿ ಏರ್ತಿದ್ದರೆ, ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಿ. ಇಂಟರ್ನೆಟ್ಟಿನ ಡಯಟ್ ಚಾರ್ಟ್ ಮಗುವಿನ ಮೇಲೆ ಪ್ರಯೋಗ ಮಾಡಬೇಡಿ. ಇವತ್ತು ರಾತ್ರಿ ಕಾಲ್ ಮುಗಿಸಿ ಆರ್ಡರ್ ಮಾಡೋಕೆ ಆ್ಯಪ್ ತೆರೆದಾಗ, ಪಕ್ಕದಲ್ಲಿ ಯಾರು ಇಣುಕಿ ನೋಡ್ತಿದ್ದಾರೆ ಅಂತ ಒಮ್ಮೆ ತಿರುಗಿ ನೋಡಿ.