ದೀಪ ಬೆಳಗುವ ಕೈ ಕಾರನ್ನೂ ಬೆಳಗಬಲ್ಲದು

ಸೋದರಿಯರೇ, ಹಬ್ಬ ಬಂತೆಂದರೆ ಹಿತ್ತಾಳೆ ದೀಪಗಳನ್ನು ಹುಣಿಸೆಹಣ್ಣು ಹಚ್ಚಿ ಬೆಳಗುವುದು ನಮಗೇನೂ ಹೊಸದಲ್ಲ. ಆದರೆ ಮೆಷಿನ್ ಹಿಡಿದು ಕಾರಿಗೆ ಪಾಲಿಶ್ ಮಾಡುವುದೆಂದರೆ, "ಅಯ್ಯೋ, ಅದು ಗಂಡಸರ ಕೆಲಸ" ಎಂದುಬಿಡುತ್ತೇವೆ. ಎಸ್.ಎಸ್.ಎಲ್.ಸಿ. ಓದಿ, ಇಪ್ಪತ್ತೆರಡು ವರ್ಷದಿಂದ ಅಡುಗೆಮನೆಯಲ್ಲೇ ಇರುವ ನಾನು ಇದನ್ನು ಕಲಿತೆ ಅಂದಮೇಲೆ ನಿಮಗೂ ಬಂದೇ ಬರುತ್ತದೆ.

ನಮ್ಮದು 2011ರ ಮಾಡೆಲಿನ ಕಡುನೀಲಿ ಬಣ್ಣದ ಸಣ್ಣ ಕಾರು. ಮಗಳ ನರ್ಸಿಂಗ್ ಕಾಲೇಜಿನ ಖರ್ಚಿಗೆಂದು ಅದನ್ನು ಮಾರುವುದೆಂದು ತೀರ್ಮಾನವಾಯಿತು. ನೋಡಲು ಬಂದ ದಲ್ಲಾಳಿ ಇಂಜಿನ್ನು ಚೆನ್ನಾಗಿದೆ ಎಂದು ಒಪ್ಪಿಕೊಂಡ. ಬಣ್ಣ ನೋಡಿ ಮಾತ್ರ ಮುಖ ಸಿಂಡರಿಸಿದ. "ತೀರಾ ಮಂಕಾಗಿದೆ ಅಮ್ಮಾ, ಇಪ್ಪತ್ತು ಸಾವಿರ ಕಡಿಮೆ ಮಾಡ್ಕೊಳ್ಳಿ" ಅಂದ. ಇಪ್ಪತ್ತು ಸಾವಿರ! ನಮ್ಮಂಥವರಿಗೆ ಅದು ಮಗಳ ಎಷ್ಟು ತಿಂಗಳ ಹಾಸ್ಟೆಲ್ ಊಟ, ನೀವೇ ಲೆಕ್ಕ ಹಾಕಿ. ನಮ್ಮವರಿಗೆ ಭುಜದ ನೋವು, ಕೈ ಎತ್ತಲಾರರು. ಮೈಸೂರಿನಲ್ಲಿರುವ ನನ್ನ ತಮ್ಮನ ಹತ್ತಿರ ಪಾಲಿಶ್ ಮೆಷಿನ್ ಇತ್ತು. ಅದನ್ನು ಹೊತ್ತು ತಂದವನು, "ಭಾವನ ಕೈಲಿ ಆಗದಿದ್ರೆ ಏನಂತೆ, ಅಕ್ಕಾ? ನೀನೇ ಕಲಿ" ಅಂದ.

ಬಣ್ಣ ಮಂಕಾಗುವುದಕ್ಕೆ ಬಿಸಿಲೊಂದೇ ಕಾರಣವಲ್ಲ. ದಿನಾ ಬೆಳಿಗ್ಗೆ ಒಣಬಟ್ಟೆಯಿಂದ ಧೂಳು ಒರೆಸುತ್ತೇವಲ್ಲ, ಆ ಧೂಳಿನ ಕಣಗಳೇ ಬಣ್ಣವನ್ನು ಗೀರುತ್ತವೆ. ಬಿಸಿಲಲ್ಲಿ ನೋಡಿದರೆ ಜೇಡರ ಬಲೆಯಂತೆ ಸುತ್ತು ಗೀರುಗಳು ಕಾಣುತ್ತವೆ. ಬೋರ್‌ವೆಲ್ ನೀರು ಒಣಗಿದ ಕಡೆ ಬಿಳಿ ಕಲೆಗಳು ಬೇರೆ.

ಈಗ ಮುಖ್ಯ ಮಾತು ಕೇಳಿ. ಪಾಲಿಶ್ ಎಂದರೆ ಮೇಲೇನೋ ಬಳಿಯುವುದಲ್ಲ, ಇರುವುದನ್ನೇ ತುಸು ಸವೆಸುವುದು. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಗಾಜಿನಂಥ ಒಂದು ಪದರ ಇರುತ್ತದೆ, ಅದಕ್ಕೆ ಕ್ಲಿಯರ್ ಕೋಟ್ ಅನ್ನುತ್ತಾರೆ. ಸಾಮಾನ್ಯವಾಗಿ 40–50 ಮೈಕ್ರಾನ್ ದಪ್ಪ, ಅಂದರೆ ಒಂದು ಮಿಲಿಮೀಟರಿನಲ್ಲಿ ಸುಮಾರು ಇಪ್ಪತ್ತನೇ ಒಂದು ಪಾಲು. ಗೀರುಗಳಿರುವುದು ಅದರಲ್ಲೇ. ಗೀರಿನ ಅಕ್ಕಪಕ್ಕವನ್ನು ಅದರ ಆಳಕ್ಕೆ ಇಳಿಸಿದಾಗ ಗೀರು ಮಾಯವಾಗುತ್ತದೆ. ಹಿತ್ತಾಳೆ ದೀಪವನ್ನು ನಾಲ್ಕು ತಲೆಮಾರು ಬೆಳಗಿದರೂ ಚಿಂತೆಯಿಲ್ಲ. ಈ ಪದರ ತೂತಾಯಿತೋ, ಮತ್ತೆ ಬಣ್ಣವನ್ನೇ ಹೊಡೆಸಬೇಕು. ಆದ್ದರಿಂದ ಎಷ್ಟು ಉಜ್ಜಬೇಕು ಎಂಬುದಕ್ಕಿಂತ ಎಲ್ಲಿ ನಿಲ್ಲಿಸಬೇಕು ಎಂಬುದನ್ನೇ ಮೊದಲು ಕಲಿಯಬೇಕು.

ಮೆಷಿನ್ನುಗಳಲ್ಲಿ ಮುಖ್ಯವಾಗಿ ಎರಡು ಬಗೆ. ರೋಟರಿ ಒಂದೇ ಕಡೆ ನಿಂತು ಗಿರಗಿರನೆ ತಿರುಗುತ್ತದೆ, ಬಣ್ಣ ಬೇಗ ಬಿಸಿಯಾಗುತ್ತದೆ. ಅದು ನುರಿತವರಿಗೆ. ಡ್ಯುಯಲ್ ಆಕ್ಷನ್ ಎಂಬುದು ತಿರುಗುತ್ತಲೇ ಓಲಾಡುತ್ತದೆ, ಬಿಸಿ ಒಂದೇ ಕಡೆ ನಿಲ್ಲುವುದಿಲ್ಲ. ಕಲಿಯುವವರಿಗೆ ಇದೇ ಸರಿ. ತಮ್ಮ ಗುಜರಿ ಅಂಗಡಿಯಿಂದ ಹಳೇ ಕಾರಿನ ಬಾಗಿಲೊಂದನ್ನು ತಂದುಕೊಟ್ಟ. ಮೂರು ಮಧ್ಯಾಹ್ನ ಅದರ ಮೇಲೆಯೇ ಕೈ ಪಳಗಿಸಿಕೊಂಡೆ.

ಕೆಲಸಕ್ಕೆ ಇಳಿಯುವ ಮೊದಲು ಬಳೆ, ಉಂಗುರ ತೆಗೆದಿಡಿ. ಇಲ್ಲದಿದ್ದರೆ ಅವೇ ಹೊಸ ಗೀರು ಹಾಕುತ್ತವೆ. ಮಾಂಗಲ್ಯದ ಸರವನ್ನು ರವಿಕೆಯೊಳಗೆ ಸೇರಿಸಿ, ಸೆರಗನ್ನು ಬಿಗಿಯಾಗಿ ಸಿಕ್ಕಿಸಿ, ಜಡೆಯನ್ನು ಮೇಲೆ ಕಟ್ಟಿ. ಒದ್ದೆ ನೆಲದ ಮೇಲೆ ನಿಲ್ಲಬೇಡಿ. ವೈರನ್ನು ಹೆಗಲ ಮೇಲಿಂದ ಹಿಂದಕ್ಕೆ ಬಿಡಿ. ಕನ್ನಡಕ, ಮಾಸ್ಕ್ ಇರಲಿ.

ಮೊದಲು ಕಾರನ್ನು ಚೆನ್ನಾಗಿ ತೊಳೆದು, ನೆರಳಲ್ಲಿ ನಿಲ್ಲಿಸಿ. ಬೆರಳಿಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಣ್ಣದ ಮೇಲೆ ಆಡಿಸಿ ನೋಡಿ. ರವೆಯಂತೆ ತರಿತರಿ ಸಿಕ್ಕರೆ ಕ್ಲೇ ಬಾರ್ ಎಂಬ ಮೆತ್ತನೆಯ ಮುದ್ದೆಯನ್ನು ಸೋಪುನೀರಿನ ಮೇಲೆ ಹಗುರವಾಗಿ ಜಾರಿಸಿ, ಆ ಕೊಳೆ ತೆಗೆಯಿರಿ. ಅಂಚುಗಳಿಗೆ, ರಬ್ಬರಿಗೆ ಕಾಗದದ ಟೇಪ್ ಅಂಟಿಸಿ. ಅಂಚಿನಲ್ಲಿ ಬಣ್ಣ ಬೇಗ ಸವೆಯುತ್ತದೆ.

ಇನ್ನು ಪಾಲಿಶ್. ಇಡೀ ಕಾರಿಗೆ ಕೈ ಹಾಕಬೇಡಿ. ಒಗ್ಗರಣೆಗೆ ಎಣ್ಣೆ ಕಾದಿದೆಯೇ ಎಂದು ಒಂದು ಕಾಳು ಸಾಸಿವೆ ಹಾಕಿ ನೋಡುವುದಿಲ್ಲವೇ? ಹಾಗೆ ಒಂದೂವರೆ ಅಡಿ ಚೌಕದಲ್ಲಿ ಮಾತ್ರ, ಮೆತ್ತನೆಯ ಸ್ಪಂಜು ಪ್ಯಾಡು, ನಯವಾದ ಪಾಲಿಶ್ ಹಾಕಿ ಪರೀಕ್ಷಿಸಿ. ಸಾಲದಿದ್ದರೆ ಮಾತ್ರ ಒಂದು ಮೆಟ್ಟಿಲು ಒರಟಾದದ್ದಕ್ಕೆ ಹೋಗಿ. ಪ್ಯಾಡಿಗೆ ಬಟಾಣಿ ಗಾತ್ರದ ನಾಲ್ಕು ತೊಟ್ಟು ಸಾಕು. ಪ್ಯಾಡನ್ನು ಬಣ್ಣದ ಮೇಲಿಟ್ಟ ಮೇಲೆಯೇ ಸ್ವಿಚ್ ಒತ್ತಿ, ಇಲ್ಲವಾದರೆ ಪಾಲಿಶ್ ನಿಮ್ಮ ಮುಖಕ್ಕೇ! ಕಡಿಮೆ ವೇಗದಲ್ಲಿ ಹರಡಿ, ಆಮೇಲೆ 4 ಅಥವಾ 5ಕ್ಕೆ ಏರಿಸಿ. ದೋಸೆ ಹುಯ್ದಂತೆ ಸುತ್ತಬೇಡಿ. ರಂಗೋಲಿಯ ಗೆರೆಯಂತೆ ಮೊದಲು ಅಡ್ಡಕ್ಕೆ, ಆಮೇಲೆ ಉದ್ದಕ್ಕೆ, ಅರ್ಧರ್ಧ ಮೇಲೆ ಬರುವಂತೆ ನಿಧಾನವಾಗಿ ಸಾಗಿ. "ಒತ್ತಬೇಡ ಅಕ್ಕಾ, ಬರೀ ಹಿಡ್ಕೊ, ಉಜ್ಜೋದು ಅದರ ಕೆಲಸ" ಎಂದು ತಮ್ಮ ಹೇಳುತ್ತಲೇ ಇದ್ದ. ಜಾಸ್ತಿ ಒತ್ತಿದರೆ ಪ್ಯಾಡು ತಿರುಗುವುದೇ ನಿಂತುಹೋಗುತ್ತದೆ. ನಾಲ್ಕಾರು ಸಲ ಆದಮೇಲೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಟಾರ್ಚ್ ಬಿಟ್ಟು ನೋಡಿ. ಪ್ಯಾಡನ್ನು ಆಗಾಗ ಬ್ರಷ್ಷಿನಿಂದ ಚೊಕ್ಕಟ ಮಾಡಿ.

ಉಗುರು ಆಡಿಸಿದಾಗ ತಡೆಯುವಂಥ ಗೀರನ್ನು ಅಳಿಸಲು ಹೋಗಬೇಡಿ, ಅದು ತುಂಬ ಆಳ. ನಮ್ಮ ಕಾರಿನ ಎಡಬಾಗಿಲಲ್ಲಿ ಅಂಥದೊಂದಿತ್ತು, ಹಾಗೇ ಬಿಟ್ಟೆ. ಎಲ್ಲ ಮುಗಿದ ಮೇಲೆ ವ್ಯಾಕ್ಸ್ ಹಚ್ಚುವುದನ್ನು ಮರೆಯಬೇಡಿ. ಪಾಲಿಶ್ ಹೊಳಪು ಕೊಡುತ್ತದೆ, ಅದನ್ನು ಕಾಯುವುದು ವ್ಯಾಕ್ಸ್.

ಬೆಳಗಿನ ಹೊತ್ತು ಒಂದಿಷ್ಟರಂತೆ ನಾಲ್ಕು ದಿನ ಹಿಡಿಯಿತು. ಬಾನೆಟ್ಟಿನಲ್ಲಿ ನಮ್ಮ ಮನೆಯ ತೆಂಗಿನಮರ ಗರಿಗರಿಯಾಗಿ ಕಂಡಾಗ ನಮ್ಮವರು, "ಇದನ್ನ ಮಾರೋದೇ ಬೇಡ ಕಣೇ" ಅಂದರು! ಆದರೆ ಫೀಸು ಕಾಯುತ್ತದೆಯೇ? ನಮ್ಮೂರಿನ ಮೇಷ್ಟ್ರೊಬ್ಬರು ನಾವು ಹೇಳಿದ ಬೆಲೆಗೆ ಎರಡು ಸಾವಿರ ಮಾತ್ರ ಇಳಿಸಿ ಕೊಂಡರು. ಎಡಬಾಗಿಲ ಗೀರನ್ನು ನಾನೇ ತೋರಿಸಿದೆ. ಮುಚ್ಚಿಟ್ಟು ಮಾರಿದ ದುಡ್ಡಿನಲ್ಲಿ ಮಗಳು ಓದುವುದು ಬೇಡವಾಗಿತ್ತು.

ಮೇಷ್ಟ್ರ ಮನೆಯಾಕೆಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: ಒಣಬಟ್ಟೆಯಿಂದ ಕಾರನ್ನು ಒರೆಸಬೇಡಿ. ಮೊದಲು ನೀರು ಹೊಯ್ದು ಮಣ್ಣು ಇಳಿಸಿ. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಮೇಲಿನಿಂದ ಕೆಳಕ್ಕೆ ತೊಳೆದು, ನೀರು ಆರುವ ಮುಂಚೆ ಮೆತ್ತನೆ ಬಟ್ಟೆಯಿಂದ ಒತ್ತಿ ತೆಗೆಯಿರಿ. ಇಷ್ಟು ಮಾಡಿದರೆ ಮೆಷಿನ್ ಹಿಡಿಯುವ ಪ್ರಮೇಯವೇ ಬಹುಕಾಲ ಬರುವುದಿಲ್ಲ.